ನೂರು ಕಾಳಿಗೆ ನಲವತ್ತೊಂದು

ಶ್ರದ್ಧಾಂಜಲಿ ಸಭೆಯ ಬ್ಯಾನರಿನಲ್ಲಿ ಅವರ ಫೋಟೋ ಆಳೆತ್ತರ ಇತ್ತು. ಸವಣೂರು ಕಡೆಯ ಒಂದು ಎರೆಹೊಲದ ಬದುವಿನ ಮೇಲೆ ನಿಂತಿದ್ದಾರೆ, ಮುಖ ಬೇವಿನಕಾಯಿ ಕಚ್ಚಿದವರ ಹಾಗೆ, ಹಿಂದೆ ಮೊಣಕಾಲೆತ್ತರದ ಹಸಿರು ಪೈರು. ಕೆಳಗೆ ಬಂಗಾರದ ಬಣ್ಣದ ಅಕ್ಷರ: "ನೆರೆ ಸಂತ್ರಸ್ತರ ಹೊಲಗಳಿಗೆ ಹಸಿರು ಮರಳಿಸಿದ ಕಾಯಕಯೋಗಿ." ಓದಿದ ಕೂಡಲೇ ಕೈಯಲ್ಲಿದ್ದ ಚಹಾದ ಕಪ್ಪನ್ನು ಕುರ್ಚಿಯ ಕೆಳಗಿಟ್ಟು ಹೊರಗೆ ಹೋಗಿ, ನಳದಲ್ಲಿ ಮುಖ ತೊಳೆದುಕೊಂಡು ಬಂದೆ. ಆ ಫೋಟೋ ತೆಗೆದ ದಿನ ನಾನೂ ಅದೇ ಬದುವಿನ ಮೇಲೆ ಇದ್ದೆ. ಆ ಪೈರಿನ ಬೀಜ ಎಲ್ಲಿಂದ ಬಂತು ಎಂಬುದು ಸಭೆಯಲ್ಲಿದ್ದ ಎಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತು.

ಅವರ ಹೆಸರು ಬರೆಯುವುದಿಲ್ಲ. ಅವರ ಮೇಲಿನ ಆರೋಪಪಟ್ಟಿಯಲ್ಲಿ ಆ ಹೆಸರನ್ನು ನಾನೇ ಬೇಕಾದಷ್ಟು ಸಲ ಟೈಪು ಮಾಡಿದ್ದೇನೆ, ಅಷ್ಟು ಸಾಕು. ರೈತರು ಅವರನ್ನು ಬೀಜದ ಸಾಹೇಬ್ರು ಎನ್ನುತ್ತಿದ್ದರು. ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಅವರು ಸಹಾಯಕ ಕೃಷಿ ಅಧಿಕಾರಿ, ನಾನು ಗುತ್ತಿಗೆಯ ಮೇಲಿನ ಕಂಪ್ಯೂಟರ್ ಆಪರೇಟರ್. ಶಿಗ್ಗಾಂವಿ ತಾಲೂಕಿನ ನಮ್ಮೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಮೊದಲ ದಿನ ಬಂದಾಗ ಕೇಂದ್ರದ ಕಿಟಕಿಯ ಸರಳಿಗೆ ಒದ್ದೆ ಬಟ್ಟೆಯ ಸುರುಳಿಗಳು ನೇತಾಡುತ್ತಿದ್ದವು, ಬಾಣಂತಿ ಇರುವ ಮನೆಯ ಹಾಗೆ. "ಯಾರದರೀ ಈ ಅರಿವಿ?" ಎಂದು ಕೇಳಿದೆ.

"ನನ್ನ ಧೋತರ," ಎಂದರು. "ಹರದದ್ದು. ಮುಟ್ಟಬ್ಯಾಡ, ಒಳಗ ಕೂಸದಾವು."

ಪ್ರತಿ ಸಲ ಬೀಜದ ಲಾರಿ ಬಂದಾಗಲೂ ಅವರದು ಒಂದೇ ಪದ್ಧತಿ. ಪ್ರತಿಯೊಂದು ಲಾಟಿನಿಂದ, ಎಂದರೆ ಒಂದೇ ಸಂಖ್ಯೆಯ ಚೀಲಗಳಿಂದ, ನೂರು ಕಾಳು ಆರಿಸಿ, ಒದ್ದೆ ಧೋತರದ ತುಂಡಿನ ಮೇಲೆ ಹತ್ತು ಸಾಲು ಜೋಡಿಸಿ, ಸುರುಳಿ ಸುತ್ತಿ ಕಿಟಕಿಗೆ ಕಟ್ಟುವುದು. ದಿನಾ ಬೆಳಿಗ್ಗೆ ಬಂದ ಕೂಡಲೇ ನೀರು ಚಿಮುಕಿಸುವುದು. ಐದನೆಯ ದಿನ ಬಿಚ್ಚಿ, ಎಷ್ಟು ಮೊಳೆತಿವೆ ಎಂದು ಎಣಿಸುವುದು. ಎಣಿಸುವವರು ಮಾತ್ರ ಅವರಲ್ಲ. "ನಾ ಎಣಿಸಿದ್ರ ಯಾರೂ ನಂಬೂದಿಲ್ಲ. ನೀ ಎಣಸು ತಂಗಿ. ಕಂಡದ್ದು ಬರಿ, ಸಹಿ ಮಾಡು." ಆ ಚೀಟಿಯನ್ನು ಅವರು ತಮ್ಮ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದೇ ಜೇಬಿನಲ್ಲಿ ಕಾಳುಗಳೂ ಇರುತ್ತಿದ್ದವು. ಒಂದು ಮಳೆಗಾಲ ತೊಳೆಯಲು ನೆನೆ ಹಾಕಿದ ಅಂಗಿಯ ಜೇಬಿನಲ್ಲಿ ಹೆಸರುಕಾಳು ಮೊಳೆತು, ಅವರ ಹೆಂಡತಿ ಅದನ್ನು ಹಾಗೇ ಕೋಸಂಬರಿ ಮಾಡಿ ಡಬ್ಬಿಗೆ ಹಾಕಿ ಕಳಿಸಿದ್ದರು. ಅವರು ತಿನ್ನುತ್ತಾ, "ಇದು ಮಾತ್ರ ನೂರಕ್ಕ ನೂರು," ಎಂದಿದ್ದರು. ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ.

ದೇವರಂಥ ಮನುಷ್ಯ ಎಂದು ನಾನು ಬರೆಯುವುದಿಲ್ಲ, ಸಭೆಯಲ್ಲಿ ಆ ಮಾತು ಹೇಳಿದವರ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತ್ತು. ಮಹಾ ಸಿಡುಕ. ಮೀಟಿಂಗಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಒಂದು ಚಹಾ ಕೊಡಿಸಿದವರಲ್ಲ. ಐದು ದಿನ ಬೀಜ ತಡೆಹಿಡಿದರೆಂದು ರೈತರೂ ಅವರನ್ನು ಎದುರಿಗೇ ಬೈಯುತ್ತಿದ್ದರು. ಬಿತ್ತುವುದಕ್ಕೆ ನೆಲದಲ್ಲಿ ಬೇಕಾದಷ್ಟು ಹಸಿ ಇರುವ ನಾಲ್ಕಾರು ದಿನಕ್ಕೆ ನಮ್ಮ ಕಡೆ ಹದ ಎನ್ನುತ್ತಾರೆ. ಹದ ಹೋದರೆ ಬಿತ್ತನೆಯೇ ಹೋಯಿತು. "ನಿಮ್ಮ ಅರಿವಿ ಒಣಗೂದ್ರೊಳಗ ನಮ್ಮ ಹೊಲ ಒಣಗತೈತ್ರಿ ಸಾಹೇಬ್ರ" ಎಂದು ಒಬ್ಬ ಮುದುಕ ಕೂಗಾಡಿದ. ಅವರು ತಿರುಗಿ ಕೂಗಾಡಿದರು: "ಹುಟ್ಟದ ಬೀಜ ಹದದಾಗ ಹಾಕಿ ಏನ್ ಮಾಡ್ತೀ? ಗೋರಿ ಕಟ್ಟತೀಯೇನು?" ಬೀಜದ ಚೀಲದ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಪುಢಾರಿ ಫೋಟೋಕ್ಕೆಂದು ಚೀಲದ ಮೇಲೆ ಕೂತಾಗ, ತೋಳು ಹಿಡಿದು ಎಬ್ಬಿಸಿದರು. "ಏಳ್ರಿ ಮ್ಯಾಲ. ಬಸುರಿ ಹೊಟ್ಟಿ ಮ್ಯಾಲ ಕುಂತಂಗ ಆಕ್ಕೈತಿ."

ಹೀಗಿದ್ದವರು ಒಂದು ಕಡೆ ಹೇಗೆ ನಿಂತಾರು? ನೌಕರಿಯ ಮೊದಲ ವರ್ಷಗಳು ಹಿರೇಕೆರೂರು ತಾಲೂಕಿನ ಹಂಸಭಾವಿ ಕಡೆ. ಅಲ್ಲಿ ಹೊಲಹೊಲದಲ್ಲಿ ಹೆಣ್ಣುಮಕ್ಕಳು ಹೂವಿಗೆ ಹೂವು ಮುಟ್ಟಿಸಿ ಕಂಪನಿಗಳಿಗೆ ಬೀಜ ಬೆಳೆದು ಕೊಡುತ್ತಾರೆ. ಒಂದು ವರ್ಷ ಅತಿವೃಷ್ಟಿಯಾಗಿ ಅದೇ ಊರಿನವರು ನೆರವಿನ ಬೀಜಕ್ಕೆ ಸಾಲು ನಿಂತರು, ಬೀಜ ಬರಲಿಲ್ಲ. ಸಭೆಯಲ್ಲಿ ಇವರು ಎದ್ದು ನಿಂತು, "ಬೀಜ ಇಲ್ಲೇ ಬೆಳಿತೈತಿ. ಅದು ಊರೂರು ಸುತ್ತಿ ಚೀಟಿ ಹಚ್ಚಿಸ್ಕೊಂಡು ಬರೂತನಕ ಇವರು ಆಕಾಶ ನೋಡ್ಕೋತ ಕುಂದರಬೇಕೇನ್ರಿ?" ಎಂದು ಕೇಳಿದರು. ಉತ್ತರವಾಗಿ ಬಂದದ್ದು ವರ್ಗದ ಆದೇಶ, ಹಾನಗಲ್ಲಿಗೆ. ಅಲ್ಲಿ ಅಕ್ಕಿಆಲೂರು ಸುತ್ತ ಭತ್ತವನ್ನು ಒಣನೆಲಕ್ಕೇ ಕೂರಿಗೆಯಿಂದ ಬಿತ್ತುತ್ತಾರೆ. ನೆರೆ ಇಳಿದ ಮೇಲೆ ಬಂದ ನೆರವಿನ ಭತ್ತ ಕೆಸರಿನಲ್ಲಿ ನಾಟಿ ಮಾಡುವ ತಳಿ. ಇವರು ಲಾರಿ ವಾಪಸು ಕಳಿಸಿದರು. ಮತ್ತೆ ವರ್ಗ, ಶಿಗ್ಗಾಂವಿಗೆ, ದುಂಡಸಿ ಕಡೆ. ಅಲ್ಲಿ ಏನು ಮಾಡಿದರೋ ನನಗೆ ಹೇಳಲಿಲ್ಲ. ಕೇಳಿದರೆ, "ಅಲ್ಲೂ ಧೋತರ ತೂಗಹಾಕಿದ್ದೆ" ಎಂದಷ್ಟೇ ಹೇಳಿದರು. ಕೊನೆಗೆ ಸವಣೂರು. ಜಿಲ್ಲೆ ದಾಟಿಸಲಿಲ್ಲ ಎಂಬುದೇ ದೊಡ್ಡ ಉಪಕಾರ.

ನಾಲ್ಕು ವರ್ಷದ ಹಿಂದೆ ವರದೆ ಉಕ್ಕಿ ಬಂದಳು. ನದಿಯ ದಂಡೆಯ ಊರುಗಳಲ್ಲಿ ಆಳೆತ್ತರ ಬೆಳೆದಿದ್ದ ಗೋವಿನಜೋಳ, ಎಂದರೆ ಮೆಕ್ಕೆಜೋಳ, ಕೊಳೆತು ನಾರತೊಡಗಿತು. ನೀರು ಇಳಿದು, ಸಮೀಕ್ಷೆಯಾಗಿ, ಪಟ್ಟಿ ಮೇಲೆ ಹೋಗಿ, ಕೆಳಗೆ ಬಂದು, ನೆರವಿನ ಬೀಜ ಬರುವಷ್ಟರಲ್ಲಿ ಮುಂಗಾರೇ ಮುಗಿದಿತ್ತು. ಬಂದದ್ದೇನು? ಗೋವಿನಜೋಳ. ಆ ಕಾಲಕ್ಕೆ ಎರೆಹೊಲದಲ್ಲಿ ಬಿತ್ತಬೇಕಾದದ್ದು ಹಿಂಗಾರಿಯ ಬಿಳಿಜೋಳ ಎಂದು ನಮ್ಮ ಕಡೆ ಕೂರಿಗೆ ಮುಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆದೇಶದಲ್ಲಿ ಬರೆದಿತ್ತು: ಯಾವ ಬೆಳೆ ಹಾನಿಯಾಗಿದೆಯೋ ಅದೇ ಬೆಳೆಯ ಬೀಜ, ಪಟ್ಟಿಯಲ್ಲಿರುವ ತಳಿ, ಮೇಲೆ ದೃಢೀಕರಣದ ಚೀಟಿ ಇರುವ ಚೀಲ. ತಿಂಗಳು ಯಾವುದು ಎಂದು ನೋಡುವ ಕಾಲಮ್ಮೇ ಇರಲಿಲ್ಲ. ಸತ್ತವನ ಅಳತೆಗೆ ಅಂಗಿ ಹೊಲಿಸಿದ ಹಾಗೆ.

ಅವರು ಧೋತರ ಹರಿದರು. ಐದನೆಯ ದಿನ ನಾನು ಬಿಚ್ಚಿ ಎಣಿಸಿದೆ. ನಲವತ್ತೊಂದು. ಮತ್ತೆ ಎಣಿಸಿದೆ. ಉಳಿದವು ಬಣ್ಣ ಬಿಟ್ಟು ಬೂಸರು ಹಿಡಿದಿದ್ದವು. ಕಂಡದ್ದು ಬರೆದು ಸಹಿ ಮಾಡಿದೆ. ಅವರು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮೇಲಿನ ಆಫೀಸಿಗೆ ಫೋನು ಮಾಡಿದರು. ನಮ್ಮ ಕೇಂದ್ರಗಳ ಮೇಲಿದ್ದ ಅಧಿಕಾರಿಯನ್ನು ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಅವರ ದನಿ ನನಗೂ ಕೇಳುತ್ತಿತ್ತು: "ಚೀಲದ ಮೇಲಿನ ಚೀಟಿ ಏನು ಹೇಳುತ್ತದೋ ಅದೇ ಸತ್ಯ. ನಿಮ್ಮ ಪಂಚೆ ಪ್ರಯೋಗಾಲಯ ಅಲ್ಲ. ಅನುಮಾನ ಇದ್ದರೆ ಸ್ಯಾಂಪಲ್ ಕಳಿಸಿ, ಒಂದು ತಿಂಗಳಿಗೆ ವರದಿ ಬರುತ್ತದೆ. ನಾಳೆ ವಿತರಣೆ ಆಗಲೇಬೇಕು, ಶಾಮಿಯಾನ ಹಾಕಿಸಿಯಾಗಿದೆ."

ಶಾಮಿಯಾನದ ಕೆಳಗೆ ಭಾಷಣ ಆಯಿತು, ಫೋಟೋ ಆಯಿತು. ದೊಡ್ಡವರು ಕಾರು ಹತ್ತಿದ ಮೇಲೆ ನಮ್ಮ ಸಾಹೇಬರು ಸಾಲಿನ ತಲೆಗೆ ನಿಂತು, ಒಬ್ಬೊಬ್ಬರಿಗೂ ಚೀಲ ಕೊಡುತ್ತಾ ಒಬ್ಬೊಬ್ಬರಿಗೂ ಹೇಳಿದರು: "ತಗೋರಿ. ಬಿತ್ತಬ್ಯಾಡ್ರಿ. ಹುಟ್ಟೂದಿಲ್ಲ. ಔಷಧಿ ಹಚ್ಯಾರ, ದನಕ್ಕೂ ಹಾಕಬ್ಯಾಡ್ರಿ." ಜನ ಅವರ ಮುಖ ನೋಡಿ, ಚೀಲ ನೋಡಿ, ತೆಗೆದುಕೊಂಡು ಹೋದರು. ತೆಗೆದುಕೊಳ್ಳದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂಬ ಭಯ. ಹೆಬ್ಬೆರಳು ಒತ್ತಿಸಿಕೊಂಡವಳು ನಾನೇ. ಬಹಳಷ್ಟು ಮಂದಿ ಬಿತ್ತಿಯೇಬಿಟ್ಟರು. ಸರ್ಕಾರದ ಚೀಲ, ಮೇಲೆ ಚೀಟಿ, ಒಬ್ಬ ಸಿಡುಕ ಸಾಹೇಬನ ಮಾತು ಯಾರು ಕೇಳುತ್ತಾರೆ?

ನೀಲವ್ವ ಮಾತ್ರ ಹೋಗಲಿಲ್ಲ. ನದಿದಂಡೆಯಲ್ಲಿ ಎರಡು ಎಕರೆ ಹೊಲ, ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಬಿತ್ತಿಗೆಯ ಬೀಜವೆಂದು ಗಡಿಗೆಯಲ್ಲಿ ಇಟ್ಟುಕೊಂಡಿದ್ದ ಜೋಳ, ಮನೆಯ ಗೋಡೆ ಬಿದ್ದಾಗ ಕೊಚ್ಚಿಹೋಗಿತ್ತು. ಚೀಲವನ್ನು ಕೇಂದ್ರದ ಮೆಟ್ಟಿಲ ಮೇಲಿಟ್ಟು ಅದರ ಪಕ್ಕ ಕೂತಳು, ಮೇಲೆ ಅಲ್ಲ.

"ಬಿತ್ತಬ್ಯಾಡ ಅಂತೀರಿ ಸಾಹೇಬ್ರ. ಮತ್ತ ಏನ್ ಬಿತ್ಲಿ? ಹದ ಇನ್ನ ಮೂರ್ ದಿನ ಐತಿ. ಈ ಬೆಳಿ ಬರಲಿಲ್ಲಂದ್ರ ಹುಡುಗ್ಯಾರನ್ನ ಕರ್ಕೊಂಡು ಇಟ್ಟಂಗಿ ಭಟ್ಟಿಗೆ ಹೊಂಟೇನಿ, ನೀವ ಹೇಳ್ರಿ."

ಅವರು ನನ್ನ ಕಡೆ ತಿರುಗಿದರು. "ತಂಗೀ, ನಿಮ್ಮವ್ವ ಬೀಜದ ಜ್ವಾಳ ಇಟ್ಟಿರತಾಳೇನು?"

ಇಟ್ಟಿದ್ದಳು. ನಮ್ಮವ್ವ ಒಳ್ಳೆಯ ತೆನೆ ಆರಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಸಗಣಿ ಸಾರಿಸಿದ ಬುಟ್ಟಿಯಲ್ಲಿ ಬೀಜ ಇಡುವವಳು. ಅದೇ ಸಂಜೆ ನನ್ನ ಜೊತೆ ಅವರೂ ಬಸ್ಸಿನಲ್ಲಿ ನಮ್ಮೂರಿಗೆ ಬಂದರು. ಅವ್ವ ಎರಡು ಎಕರೆಗಾಗುವಷ್ಟು ಅಳೆದು ಕೊಟ್ಟಳು. "ಬಿತ್ತಿ ಬೆಳದ ಮ್ಯಾಲ ಆಕೀನೂ ಯಾರಿಗರ ಇಷ್ಟ ಕೊಡ್ಲಿ, ನನಗ ತಿರಗಿ ಬ್ಯಾಡ" ಎಂದಳು. ಅವರು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿದರು. ಆ ಒಂದು ಸಲ ಮಾತ್ರ ಐದು ದಿನ ಕಾಯಲಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ವಾಪಸು ಬಸ್ಸು ಹತ್ತಿದರು. ಮರುದಿನ ನೀಲವ್ವನ ಹೊಲದಲ್ಲಿ ಕೂರಿಗೆ ಹೂಡಿದರು.

ಊರಿನ ಉಳಿದ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಗೋವಿನಜೋಳ ಎದ್ದು, ಬಿಸಿಲಿಗೆ ಮುದುಡಿತು. ನೀಲವ್ವನ ಹೊಲ ಒಂದೇ ಹಸಿರು. ಅಷ್ಟರಲ್ಲಿ ಮೇಲಿನವರಿಗೆ ನೆರವಿನ ಯಶಸ್ಸಿನ ಫೋಟೋ ಬೇಕಾಯಿತು. ಜೀಪು ಬಂತು. ಎಳೆಯ ಗೋವಿನಜೋಳ, ಎಳೆಯ ಬಿಳಿಜೋಳ ದೂರದಿಂದ ಒಂದೇ ಥರ ಕಾಣುವುದು ನಿಜ. ಆದರೆ ಬಂದವರು ಕೃಷಿ ಓದಿದವರಲ್ಲವೇ? ಬದುವಿನಿಂದ ಕೆಳಗೆ ಒಂದು ಹೆಜ್ಜೆ ಇಳಿದು, ಒಂದು ಎಲೆ ಮುಟ್ಟಿ ನೋಡಲಿಲ್ಲ. ಬೂಟಿಗೆ ಎರೆಮಣ್ಣು ಹತ್ತುತ್ತದಲ್ಲ! ಗೊತ್ತಿದ್ದೂ ಸುಮ್ಮನಿದ್ದರೋ, ಗೊತ್ತೇ ಆಗಲಿಲ್ಲವೋ, ಇವೆರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ನಮ್ಮ ಸಾಹೇಬರನ್ನು ಪೈರಿನ ಮುಂದೆ ನಿಲ್ಲಿಸಿದರು. "ಸ್ವಲ್ಪ ನಗ್ರಿ" ಎಂದರು. ಅವರು ನಗಲಿಲ್ಲ. "ಇದು ಬಿಳಿಜ್ವಾಳರಿ" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ವರದಿಯ ನಮೂನೆ ಬಂತು. 'ನೆರವಿನ ಬೀಜದಿಂದ ಬಂದ ಬೆಳೆಯ ಸ್ಥಿತಿ' ಎಂಬ ಕಡೆ 'ಉತ್ತಮ' ಎಂದು ಬರೆದು ಸಹಿ ಹಾಕಿದ್ದರೆ ಅವರಿಗೊಂದು ಪ್ರಶಂಸಾಪತ್ರ ಬರುತ್ತಿತ್ತು. ಅವರು ಬರೆದರು: "ನೆರವಿನ ಬೀಜ ಹುಟ್ಟಿಲ್ಲ. ಈ ಹೊಲದಲ್ಲಿರುವುದು ನಾನು ಬೇರೆ ಕಡೆಯಿಂದ ತಂದುಕೊಟ್ಟ ಬಿಳಿಜೋಳ." ನಾನು ಗಾಬರಿಯಾಗಿ, "ಸರ್, ಉತ್ತಮ ಅಂತ ಬರದ್ರ ಏನ್ ಗಂಟು ಹೋಗತೈತ್ರಿ?" ಎಂದೆ.

"ಈ ಲಾಟ್ ಹುಟ್ಟೈತಿ ಅಂತ ಬರದ್ರ, ಉಳಿದ ಮಂದಿಗೆ ಒಂದು ಕಾಳೂ ಪರಿಹಾರ ಸಿಗೂದಿಲ್ಲ ತಂಗೀ. ಅವರು ಮತ್ತ ಬೀಜ ಕೇಳಾಕೂ ಬರೂದಿಲ್ಲ."

ಆಗ ಶುರುವಾಯಿತು ನೋಡಿ. ಚೀಟಿ ಇಲ್ಲದ ಅನಧಿಕೃತ ಬೀಜ ಹಂಚಿದರೆಂದು ಅವರ ಮೇಲೆ ವಿಚಾರಣೆ. ಅದೇ ವಾರ ಊರಿನ ರೈತರು ಬೀಜ ಹುಟ್ಟಲಿಲ್ಲವೆಂದು ಕೊಟ್ಟ ಅರ್ಜಿಗಳಿಗೆ ಉತ್ತರ: ಅದೇ ಲಾಟಿನ ಬೀಜ ನೀಲವ್ವನ ಹೊಲದಲ್ಲಿ ಉತ್ತಮವಾಗಿ ಹುಟ್ಟಿದೆ, ಆದ್ದರಿಂದ ಬಿತ್ತಿದವರದೇ ತಪ್ಪು. ಒಂದೇ ಹೊಲ. ಒಂದು ಕಡತದಲ್ಲಿ ಅಲ್ಲಿರುವುದು ಸರ್ಕಾರದ ಗೋವಿನಜೋಳ, ಇನ್ನೊಂದು ಕಡತದಲ್ಲಿ ಸಾಹೇಬರ ಕಳ್ಳಬೀಜ. ಎರಡೂ ದೊಡ್ಡ ಸಾಹೇಬರ ಟೇಬಲ್ಲಿನ ಮೇಲೆ, ಎರಡರ ಕೆಳಗೂ ಒಂದೇ ಸಹಿ. ಥೂ! ಎರಡನ್ನೂ ಟೈಪು ಮಾಡಿದ ಬೆರಳು ನನ್ನದು.

ಟೈಪು ಮಾಡಿದ್ದಷ್ಟೇ ಆಗಿದ್ದರೆ ಹೊಟ್ಟೆಪಾಡು ಎನ್ನಬಹುದಿತ್ತು. ದೊಡ್ಡ ಸಾಹೇಬರು ನನ್ನನ್ನು ಒಳಗೆ ಕರೆದು, ನನ್ನ ಗುತ್ತಿಗೆ ಆ ತಿಂಗಳಿಗೇ ಮುಗಿಯುತ್ತದೆಂದು ನೆನಪಿಸಿ, ಒಂದು ಹೇಳಿಕೆ ಮುಂದಿಟ್ಟರು. ಅದರಲ್ಲಿ ಬರೆದಿತ್ತು: ನೀಲವ್ವನ ಹೊಲದ ಬೆಳೆ ನೆರವಿನ ಬೀಜದ್ದೇ, ಮೊಳಕೆ ಕಡಿಮೆ ಬಂದದ್ದು ನನ್ನ ಗಮನಕ್ಕೆ ಬಂದಿಲ್ಲ. ನಮ್ಮವ್ವನ ಜೋಳ, ನಾನೇ ಎಣಿಸಿದ ಕಾಳು. ಸಹಿ ಮಾಡಿದೆ. ಪೆನ್ನು ಕೂಡ ಅವರದೇ.

ವಿಚಾರಣೆಯ ದಿನ ಪ್ರಶ್ನೋತ್ತರ ಟೈಪು ಮಾಡಲು ನನ್ನನ್ನೇ ಕೂರಿಸಿದರು. "ಈ ಲಾಟ್ ಕಳಪೆ ಎನ್ನುವುದಕ್ಕೆ ನಿಮ್ಮ ಹತ್ತಿರ ಪುರಾವೆ ಏನಿದೆ?" ಎಂದು ವಿಚಾರಣೆಗೆ ಕೂತವರು ಕೇಳಿದರು. ನನ್ನ ಕೈ ನಿಂತಿತು. ನಮ್ಮ ಸಾಹೇಬರು ನಾನು ಸಹಿ ಮಾಡಿದ ಆ ಚೀಟಿ ಹೊರತೆಗೆದಿದ್ದರೆ ನನ್ನ ಹೇಳಿಕೆ ಸುಳ್ಳೆಂದು ಅಲ್ಲೇ ಗೊತ್ತಾಗುತ್ತಿತ್ತು. ಅವರು ಕಿಟಕಿಯ ಕಡೆ ನೋಡಿ ಹೇಳಿದರು: "ಇಲ್ರಿ. ಚೀಟಿ ಇತ್ತು, ಕಳದೈತಿ." ನಾನು ಟೈಪು ಮಾಡಿದೆ: ಪುರಾವೆ ಇಲ್ಲ. ನನಗೆ ಎಷ್ಟು ನಿರಾಳವಾಯಿತೆಂದರೆ ಆ ದಿನ ಡಬ್ಬಿಯ ಊಟವನ್ನು ಪೂರ್ತಿ ಉಂಡೆ. ಮುದುಕನ ಮರೆವು ನನ್ನನ್ನು ಉಳಿಸಿತು ಎಂದುಕೊಂಡೆ.

ವಿಚಾರಣೆ ಮುಗಿಯದೆಯೇ ಅವರು ನಿವೃತ್ತರಾದರು. ಬೀಳ್ಕೊಡುಗೆ ಮಾಡಲು ಯಾರಿಗೂ ಧೈರ್ಯ ಇರಲಿಲ್ಲ. ಕೊನೆಯ ದಿನವೂ ಕಿಟಕಿಯ ಸುರುಳಿಗೆ ನೀರು ಚಿಮುಕಿಸಿ, "ನಾಳಿಗೆ ಐದ್ ದಿನ ತುಂಬತಾವು, ಎಣಸು" ಎಂದು ಹೇಳಿ ಹೋದರು. ನಾನು ಎಣಿಸಲಿಲ್ಲ. ಹೊಸದಾಗಿ ಬಂದವರು ಅದನ್ನು ಬಿಚ್ಚಿ ಟೇಬಲ್ ಒರೆಸಲು ಇಟ್ಟುಕೊಂಡರು. ಕಳೆದ ತಿಂಗಳು ಅವರು ತೀರಿಕೊಂಡರು.

ಸಭೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಬಿಸ್ಕೀಟಿನ ಹಳೆಯ ಡಬ್ಬಿಯಿಂದ ಒಂದು ಮಡಚಿದ ಚೀಟಿ ತೆಗೆದು ಕೊಟ್ಟರು.

"ಇದು ನಿಂದಂತ. ಯಾರ ಕೈಗೂ ಕೊಡಬ್ಯಾಡ ಅಂದಿದ್ರು. ಹೊರಗ ಬಂದ್ರ ಆ ಹುಡುಗಿ ನೌಕರಿ ಹೋಗತೈತಿ ಅಂತಿದ್ರು ನೋಡು."

ನೂರು ಕಾಳಿಗೆ ನಲವತ್ತೊಂದು. ಎಣಿಸಿದವರು: ಕೆಳಗೆ ನನ್ನ ಸಹಿ. ಕಳೆದಿರಲಿಲ್ಲ.

ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಆ ಬ್ಯಾನರಿನ ಮುಂದೆ ಕೂತಿದ್ದೆ. ದೊಡ್ಡ ಸಾಹೇಬರು ಈಗ ಇನ್ನೂ ದೊಡ್ಡವರಾಗಿದ್ದಾರೆ. ಕಣ್ಣು ಒರೆಸಿಕೊಳ್ಳುತ್ತಾ, "ಅವರು ನಮ್ಮ ಇಲಾಖೆಯ ಆಸ್ತಿ" ಎಂದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನೀಲವ್ವ ಎದ್ದು ನಿಂತಳು. "ಸಾಹೇಬ್ರ, ಅದು ನನ್ನ ಹೊಲ ಐತ್ರಿ," ಎಂದಳು. ಫಲಾನುಭವಿಯೇ ಬಂದಿದ್ದಾಳೆಂದು ಜನ ಚಪ್ಪಾಳೆ ತಟ್ಟಿದರು. "ಬಾ ತಾಯಿ, ಎರಡು ಮಾತು ಆಡು" ಎಂದು ವೇದಿಕೆಗೆ ಕರೆದು ಮೈಕು ಅವಳ ಕೈಗೆ ಕೊಟ್ಟರು.

"ಅದು ನೀವು ಕೊಟ್ಟ ಗೋವಿನಜ್ವಾಳ ಅಲ್ರಿ. ಬಿಳಿಜ್ವಾಳ. ನಿಮ್ಮ ಚೀಲ ಇನ್ನೂ ಮನ್ಯಾಗ ಹಂಗ ಐತಿ. ನನ್ನ ಹೊಲದ ಹೆಸರ್ಲೆ ನಮ್ಮೂರಾಗ ಯಾರಿಗೂ ಏನೂ ಸಿಗಲಿಲ್ಲ. ಇವತ್ತಿಗೂ ನಳದ ಮುಂದ ನನ್ನ ಕೊಡ ಹಿಂದಕ್ಕ ಸರಸ್ತಾರ. ನಾ ಸುಳ್ಳ ಹೇಳಾಕತ್ತಿದ್ರ, ಅಲ್ಲಿ ಕುಂತಾಳ ನೋಡ್ರಿ, ಆಕೀನ್ನ ಕೇಳ್ರಿ. ಆಕಿ ಅವ್ವನ ಬೀಜ ಅದು."

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ. ಚೀಟಿ ತೆಗೆದು ಓದಿದೆ, ಸಹಿ ಯಾರದೆಂದೂ ಹೇಳಿದೆ, ವಿಚಾರಣೆಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು ಎಂದೂ ಹೇಳಿದೆ. ದೊಡ್ಡ ಸಾಹೇಬರು ಮೈಕು ತೆಗೆದುಕೊಂಡು, "ಇದು ಭಾವುಕ ಕ್ಷಣ, ಇದನ್ನೆಲ್ಲ ಆಮೇಲೆ ಕೂತು ನೋಡೋಣ" ಎಂದರು.

ನೀಲವ್ವ ವೇದಿಕೆಯಿಂದ ಇಳಿದು ನನ್ನ ಹತ್ತಿರ ಬಂದಳು. ಅವಳಿಗೆ ಓದಲು ಬಾರದು. ಚೀಟಿಯನ್ನೇ ನೋಡಿದಳು.

"ಇದು ಆವತ್ತಿನಿಂದ ಇತ್ತೇನವ್ವಾ?"

"ಇತ್ತು," ಎಂದೆ.

"ಆ ಮನಶಾ ಇದ್ದಾಗ ಓದಬೇಕಾಗಿತ್ತು. ಈಗ ಹದ ಹೋಗೈತಿ."

ಅಷ್ಟು ಹೇಳಿ ಸೆರಗು ಹೊದ್ದುಕೊಂಡು ಬಸ್ಸಿಗೆ ಹೋದಳು. ಮೃತರ ಗೌರವಾರ್ಥ ಎರಡು ನಿಮಿಷ ಮೌನ ಆಚರಿಸಬೇಕೆಂದು ಮೈಕಿನಲ್ಲಿ ಹೇಳಿದರು. ಕುರ್ಚಿಗಳು ಸದ್ದು ಮಾಡಿದವು, ಎಲ್ಲರೂ ಎದ್ದು ನಿಂತರು. ನಾನು ಆಗಲೇ ನಿಂತಿದ್ದೆ.